ಮಳೆಗಾಲದಲ್ಲಿ ಸೆಸ್ನಾ 172ರ ವೀಲ್ ಫೇರಿಂಗ್ ಬಿಚ್ಚಬೇಕಾ, ಇರಲಿ ಬಿಡಬೇಕಾ?

ಕಲಬುರಗಿಯಲ್ಲಿ ಹಾರಾಟ ಕಲಿಯುತ್ತಿರುವ ನೀವು ಕೇಳಿದ್ದು ಎರಡು ಮಾತು: ಸೆಸ್ನಾ 172 ಎಂಬ ಸಣ್ಣ ವಿಮಾನಗಳಲ್ಲಿ ಕೆಲವಕ್ಕೆ ಚಕ್ರದ ಮೇಲೆ ಫೇರಿಂಗ್, ಅಂದರೆ ಗಾಳಿಯ ಎಳೆತ ತಗ್ಗಿಸುವ ಹೊದಿಕೆ, ಯಾಕಿಲ್ಲ, ಬಿಚ್ಚಿದರೆ ವೇಗ ಎಷ್ಟು ಹೋಗುತ್ತದೆ.

ವೇಗದ್ದು ಮೊದಲು ಮುಗಿಸಿಬಿಡೋಣ, ಅದರಲ್ಲಿ ಹುರುಳು ಕಡಿಮೆ. 172ರ ಎನ್ ಮಾದರಿಯ ಕೈಪಿಡಿಯ ಲೆಕ್ಕದಲ್ಲಿ ಫೇರಿಂಗ್‌ನಿಂದ ಕ್ರೂಸ್‌ನಲ್ಲಿ, ಅಂದರೆ ಏರಿದ ಮೇಲಿನ ಸಮ ಹಾರಾಟದಲ್ಲಿ, ಸಿಗುವುದು ಸುಮಾರು 2 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ). 120 ಇದ್ದದ್ದು 118 ಆದರೆ 100 ನಾಟಿಕಲ್ ಮೈಲಿಗೆ ಒಂದು ನಿಮಿಷವೂ ತಡವಾಗದು. ವೇಗ ಇಳಿದಂತೆ ಗಾಳಿಯ ಎಳೆತ ಅದರ ವರ್ಗದಂತೆ ಇಳಿಯುತ್ತದೆ. ರನ್‌ವೇ ಸುತ್ತ ಹಾರುವ ಸರ್ಕ್ಯೂಟ್‌ನಲ್ಲಿ 70 ನಾಟ್ ಸುತ್ತಮುತ್ತ ಫೇರಿಂಗ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೇ ತಿಂಗಳಲ್ಲಿ ವಿಮಾನ ಏರಲು ಒದ್ದಾಡಿದರೆ ಫೇರಿಂಗನ್ನು ಬೈಯಬೇಡ್ರಿ. 1,500 ಅಡಿ ಎತ್ತರದ ನೆಲದಲ್ಲಿ 42 ಡಿಗ್ರಿ ಬಿಸಿಲಿದ್ದರೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿ ತೆಳುವಾದ್ದರಿಂದ ವಿಮಾನಕ್ಕೆ ಅನುಭವವಾಗುವ ಎತ್ತರ, 5,000 ಅಡಿ ಮುಟ್ಟಿರುತ್ತದೆ.

ಬಿಚ್ಚುವ ಕಾರಣ ಮಣ್ಣು. ಮಳೆ ಬಿದ್ದ ತೊಗರಿ ಹೊಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರಿಗೆ ನಮ್ಮ ಎರೆಮಣ್ಣಿನ ಗುಣ ಹೇಳಬೇಕಿಲ್ಲ. ಡಾಂಬರಿನ ಮೇಲಷ್ಟೇ ಓಡಾಡುವ ವಿಮಾನಕ್ಕೆ ತೊಂದರೆಯಿಲ್ಲ. ಅಂಚು ತಪ್ಪಿ ಚಕ್ರ ಹಸಿ ನೆಲಕ್ಕಿಳಿದರೆ ಟೈರು ಮಣ್ಣನ್ನು ಎತ್ತಿ ಫೇರಿಂಗ್ ಒಳಗೆ ತುರುಕುತ್ತದೆ. ಅದು ರಾತ್ರಿ ಒಣಗಿ ಇಟ್ಟಿಗೆಯಂತಾದರೆ ಚಕ್ರ ಬಿಗಿಯುತ್ತದೆ. ಟೇಕಾಫ್ ಓಟ ಉದ್ದವಾಗುತ್ತದೆ. ತಿರುಗದ ಚಕ್ರದ ಮೇಲೆ ಇಳಿದರೆ ಟೈರು ಒಂದೇ ಕಡೆ ಸವೆದು ಸಿಡಿಯಬಹುದು, ವಿಮಾನ ಪಕ್ಕಕ್ಕೆ ಎಳೆಯಬಹುದು.

ಇದನ್ನು ತಡೆಯಲೆಂದೇ ಫೇರಿಂಗ್ ಒಳಗೆ ಟೈರಿನ ಮಣ್ಣು ಕೆರೆಯುವ ಸ್ಕ್ರೇಪರ್ ಪಟ್ಟಿ ಇರುತ್ತದೆ. ಟೈರಿಗೂ ಅದಕ್ಕೂ ನಡುವಿನ ಸಂದು 0.25ರಿಂದ 0.38 ಇಂಚು, ಅಂದರೆ ಆರೂವರೆಯಿಂದ ಒಂಬತ್ತೂವರೆ ಮಿಲಿಮೀಟರ್. ಅದರ ತೂತುಗಳು ಉದ್ದವಾಗಿರುವುದು ಸರಿಸಿ ಹೊಂದಿಸಲೆಂದೇ. ಹೊಸ ಟೈರು ಹಾಕಿದ ಮೇಲೆ ಈ ಸಂದು ಅಳೆಯುವುದನ್ನು ಮರೆಯುವವರೇ ಹೆಚ್ಚು.

ಬಿಚ್ಚುವುದು ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಕೆಲಸ, ಆದರೂ ತಿಳಿದಿರಲಿ. ಮುಖ್ಯ ಚಕ್ರದ್ದು ಸುಲಭ: ಹೊರಗಿನ ಬೋಲ್ಟು, ಒಳಬದಿಯ ಪ್ಲೇಟಿಗೆ ಹಿಡಿದ ಸ್ಕ್ರೂಗಳು, ಬೇಕಾದರೆ ಸ್ಕ್ರೇಪರ್ ಸಡಿಲಿಸಿ ಹೊರಗೆಳೆದರಾಯಿತು. ಬ್ರೇಕ್ ಪೈಪಿಗೆ ತಾಗದಂತೆ ನೋಡಬೇಕು. ಮೂಗಿನ ಚಕ್ರದ್ದು ಪೀಡೆ. ಬಾಲಕ್ಕೆ ಭಾರ ಕಟ್ಟಿ ಮೂಗು ಎತ್ತಬೇಕು, ಆಕ್ಸಲ್ ಸ್ಟಡ್ ತೆಗೆದು ಚಕ್ರ ಹೊರತೆಗೆಯಬೇಕು, ಆಮೇಲೆ ಫೇರಿಂಗನ್ನು 90 ಡಿಗ್ರಿ ತಿರುಗಿಸಿ ಫೋರ್ಕಿನಿಂದ ಕೆಳಗೆ ಜಾರಿಸಬೇಕು. ಫೇರಿಂಗ್ ಇಲ್ಲದಾಗ ಹಾಕುವ ಬೋಲ್ಟಿನ ಉದ್ದ ಬೇರೆ ಇರಬಹುದು. ಪಾರ್ಟ್ಸ್ ಕ್ಯಾಟಲಾಗ್ ನೋಡದೆ ಹಳೆಯದನ್ನೇ ತಿರುಗಿಸಬಾರದು. ಬಿಚ್ಚಿದ್ದು ಲಾಗ್‌ಬುಕ್‌ಗೂ ಏರಬೇಕು, ವೇಟ್ ಅಂಡ್ ಬ್ಯಾಲೆನ್ಸ್ (ವಿಮಾನದ ತೂಕ, ಸಮತೋಲನದ) ಲೆಕ್ಕಕ್ಕೂ ಸೇರಬೇಕು. ಕೆಲವೇ ಕಿಲೋ ಎಂದು ಬಿಡುವಂತಿಲ್ಲ.

ದಿನಕ್ಕೆ ಹತ್ತಾರು ಸಲ ಇಳಿಯುವ ತರಬೇತಿ ವಿಮಾನಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರನ್ನೂ ಬಿಚ್ಚಿಡುವುದೇ ನನ್ನ ಮತ. ಬ್ರೇಕಿಗೆ ಗಾಳಿ ಚೆನ್ನಾಗಿ ಸಿಗುತ್ತದೆ, ಟೈರಿನ ಸವೆತ ಕಣ್ಣಿಗೆ ಬೀಳುತ್ತದೆ. ಒಂದನ್ನಷ್ಟೇ ಬಿಚ್ಚಿ ಹಾರುವ ಮಾತು ಕೈಪಿಡಿ ಒಪ್ಪಿದರೆ ಮಾತ್ರ. ದೂರದ ಕ್ರಾಸ್ ಕಂಟ್ರಿಗೆಂದೇ ಇಟ್ಟ ವಿಮಾನದಲ್ಲಿ ಇರಲಿ ಬಿಡಿ.

ಫೇರಿಂಗ್ ಇರುವ ವಿಮಾನ ನಿಮ್ಮ ಪಾಲಿಗೆ ಬಂದರೆ ಪ್ರೀಫ್ಲೈಟ್‌ನಲ್ಲಿ, ಅಂದರೆ ಹಾರುವ ಮುಂಚಿನ ತಪಾಸಣೆಯಲ್ಲಿ, ನೆಲಕ್ಕೆ ಮಂಡಿಯೂರಿ ಟಾರ್ಚ್ ಬಿಟ್ಟು ಒಳಗೆ ನೋಡಿ. ವಿಮಾನವನ್ನು ಚಕ್ರದ ಒಂದು ಪೂರ್ತಿ ಸುತ್ತಿನಷ್ಟು ತಳ್ಳಿಸಿದರೆ ಟೈರಿನ ಮರೆಯಾದ ಭಾಗವೂ ಕಾಣುತ್ತದೆ. ಬ್ರೇಕ್ ಲೈನಿಂಗ್ ಎರಡೂವರೆ ಮಿಲಿಮೀಟರ್‌ಗೆ ಬಂದಿದ್ದರೆ ಎಎಂಇಗೆ ಹೇಳಿ. ಸ್ಕ್ರೂ ತೂತಿನ ಸುತ್ತ ಬಿರುಕು ಹುಡುಕಿ, ಅಲ್ಲಿಂದಲೇ ಒಡೆಯಲು ಶುರುವಾಗುವುದು. ಕೆಸರು ತೊಳೆಯಲು ಪ್ರೆಶರ್ ವಾಷರ್ ಹಿಡಿಯಬೇಡಿ, ನೀರು ಬೇರಿಂಗ್ ಒಳಗೆ ನುಗ್ಗಿ ಗ್ರೀಸ್ ತೊಳೆದುಬಿಡುತ್ತದೆ. ಬಕೆಟ್ ನೀರು, ಮೆತ್ತನೆ ಬ್ರಷ್ ಸಾಕು, ಮಣ್ಣು ಹಸಿಯಿರುವಾಗಲೇ.