ಗುಡುಗು ಬಂದ ಮರುದಿನ ಎರಡನೇ ಮಾನಿಟರ್ 'ನೋ ಸಿಗ್ನಲ್' ಎನ್ನುತ್ತದೆ, ಹಳೆ ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಬೇಕೇ?

ಬೇಡ. ಸದ್ಯಕ್ಕೆ ದುಡ್ಡು ಕಿಸೆಯಲ್ಲೇ ಇರಲಿ.

ನೀವು ಬರೆದದ್ದು ನನಗೆ ಅರ್ಥವಾದದ್ದು ಹೀಗೆ. ಮಲ್ಪೆಯಲ್ಲಿ ನಿಮ್ಮದು ಸಣ್ಣ ಆಫೀಸು. ಎಚ್61 ಮದರ್‌ಬೋರ್ಡ್, ಮೂರನೇ ಜನರೇಶನ್ ಐ3, ಜೊತೆಗೆ ಮಾನಿಟರಿಗೆ ಚಿತ್ರ ಕಳಿಸುವ ಒಂದು ಜಿಟಿ 610 ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ 10. ಎರಡು ಮಾನಿಟರೂ ವಿಜಿಎ (ಚಿತ್ರದ ವಯರ್ ಸಿಕ್ಕಿಸುವ ಹಳೆ ಮಾದರಿಯ ಜಾಗ) ಮಾತ್ರ ಇರುವ ಹಳೆಯವು. ಒಂದನ್ನು ಕಾರ್ಡಿಗೆ, ಇನ್ನೊಂದನ್ನು ಮದರ್‌ಬೋರ್ಡಿಗೆ ಸಿಕ್ಕಿಸಿದ್ದೀರಿ. ಗುಡುಗು ಸಿಡಿಲು ಶುರುವಾದ ಕೂಡಲೇ ಎಲ್ಲ ಪ್ಲಗ್ ಕಿತ್ತು ಮನೆಗೆ ಹೋಗುತ್ತೀರಿ. ಮರುದಿನ ಬಂದು ಹಾಕಿದರೆ ಮದರ್‌ಬೋರ್ಡಿನ ಕಡೆಯ ಮಾನಿಟರ್ ಕಪ್ಪು. ರಿಪೇರಿಯವರು ಬಂದು ಕೀಬೋರ್ಡಿನಲ್ಲಿ ಏನೋ ಒತ್ತಿ ಸರಿ ಮಾಡಿ ಹೋಗುತ್ತಾರೆ, ಮುಂದಿನ ಗುಡುಗಿಗೆ ಮತ್ತೆ ಅದೇ ಕತೆ. ಮೂರು ಸಲ ಆಯಿತು. 'ಸಿಡಿಲಿಗೆ ಕಾರ್ಡ್ ಪೆಟ್ಟು ತಿಂದಿದೆ, ಹೊಸದು ಹಾಕಿ' ಎಂದು ಈಗ ಹೇಳುತ್ತಿದ್ದಾರೆ. ಮನೆಯಲ್ಲಿ ಬಿದ್ದಿರುವ ಜಿಫೋರ್ಸ್ 210 ಎಂಬ ಹಳೆ ಕಾರ್ಡನ್ನೂ ಜೊತೆಗೆ ಹಾಕಿದರೆ ಆಗುತ್ತದಾ ಎಂದೂ ಕೇಳಿದ್ದೀರಿ.

ಈಗ ನೀವೇ ಬರೆದ ಒಂದು ಸಾಲನ್ನು ಇನ್ನೊಮ್ಮೆ ಓದಿ: ಕಾರ್ಡಿಗೆ ಸಿಕ್ಕಿಸಿದ ಮಾನಿಟರ್ ಒಂದು ದಿನವೂ ಕೈಕೊಟ್ಟಿಲ್ಲ. ಹಾಗಾದರೆ ಕಾರ್ಡಿನ ತಪ್ಪು ಎಂತದು ಮಾರಾಯ್ರೆ? ಹೋಗುತ್ತಿರುವುದು ಇನ್ನೊಂದು ಬದಿ. ಅಲ್ಲದೆ ಸಿಡಿಲು ಬಡಿದ ಸಾಮಾನು ಹೋದರೆ ಹೋಯಿತು, ಕೀಬೋರ್ಡ್ ಒತ್ತಿದ ಮಾತ್ರಕ್ಕೆ ಎದ್ದು ಕೂರುವುದಿಲ್ಲ.

ನನಗೆ ನಿಜವಾಗಿ ಸಂಶಯ ಬಂದದ್ದು ನೀವು ಹಾಕಿದ ಫೋಟೋ ನೋಡಿ. ಸರಿ ಇರುವ ಮಾನಿಟರಿನ ಕೆಳಗೆ ಬಲ ಮೂಲೆಯಲ್ಲಿ ದಿನಾಂಕ ದೊಡ್ಡದು ಮಾಡಿ ನೋಡಿ. 01-01-2012 ಎಂದು ಉಂಟು. ನಿಮ್ಮ ಕಂಪ್ಯೂಟರಿಗೆ ಇಂದು ಯಾವ ದಿನ ಎಂದೇ ಮರೆತುಹೋಗಿದೆ. 'ಅವತ್ತು ಬ್ಯಾಂಕಿನ ವೆಬ್‌ಸೈಟ್ ಕೂಡ ತೆರೆಯಲಿಲ್ಲ, ನೆಟ್ ಸರಿ ಇಲ್ಲ' ಎಂದು ಬರೆದದ್ದೂ ಇದರದೇ ಬಾಲ. ತಾರೀಕು ತಪ್ಪಿದ್ದರೆ ಬ್ರೌಸರ್ ಸುರಕ್ಷಿತ ಸೈಟುಗಳನ್ನು ನಂಬುವುದಿಲ್ಲ.

ಸಮಸ್ಯೆ ಇರುವುದು ಮದರ್‌ಬೋರ್ಡಿನ ಮೇಲೆ ಕೂತಿರುವ ನಾಣ್ಯದಂಥ ಸೆಲ್‌ನಲ್ಲಿ. ಸಿಆರ್2032 ಅಂತ ಅದರ ಹೆಸರು.

ನಡೆಯುವುದು ಇಷ್ಟು. ನಿಮ್ಮ ಐ3 ಪ್ರೊಸೆಸರಿನ ಒಳಗೇ ಒಂದು ಗ್ರಾಫಿಕ್ಸ್ ಉಂಟು, ಮದರ್‌ಬೋರ್ಡಿನ ವಿಜಿಎಗೆ ಚಿತ್ರ ಕೊಡುವುದು ಅದು. ಸ್ಲಾಟಿನಲ್ಲಿ ಬೇರೆ ಕಾರ್ಡ್ ಕಂಡರೆ ಆ ಕಾಲದ ಹೆಚ್ಚಿನ ಬೋರ್ಡುಗಳು 'ನನಗಿನ್ನು ಕೆಲಸ ಇಲ್ಲ' ಎಂದು ಒಳಗಿನ ಗ್ರಾಫಿಕ್ಸನ್ನು ಮಲಗಿಸುತ್ತವೆ. ಎರಡೂ ಒಟ್ಟಿಗೆ ಎಚ್ಚರ ಇರಬೇಕಾದರೆ, ವಿಂಡೋಸಿಗಿಂತ ಮೊದಲು ಏಳುವ ಮದರ್‌ಬೋರ್ಡಿನ ಸ್ವಂತ ಪ್ರೋಗ್ರಾಂ ಆದ ಬಯೋಸ್‌ನಲ್ಲಿ ಒಂದು ಸೆಟ್ಟಿಂಗ್ ಆನ್ ಮಾಡಬೇಕು. ನಿಮ್ಮ ರಿಪೇರಿಯವರು ಪ್ರತಿ ಸಲ ಮಾಡುತ್ತಿರುವುದು ಅದನ್ನೇ. ಆ ಸೆಟ್ಟಿಂಗ್ ನೆನಪಿಟ್ಟುಕೊಳ್ಳಲು ಬೋರ್ಡಿಗೆ ಯಾವಾಗಲೂ ಚೂರು ಕರೆಂಟ್ ಬೇಕು. ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಕ್ಯಾಬಿನೆಟ್ಟಿನ ಕರೆಂಟ್ ಡಬ್ಬಿಯಾದ ಎಸ್‌ಎಂಪಿಎಸ್‌ನಿಂದ 5 ವೋಲ್ಟ್ ಒಳಗೆ ಹೋಗುತ್ತಲೇ ಇರುತ್ತದೆ, ಅಷ್ಟು ಸಾಕಾಗುತ್ತದೆ. ಆದ್ದರಿಂದಲೇ ಮಾಮೂಲಿ ದಿನಗಳಲ್ಲಿ ನಿಮಗೆ ಏನೂ ಗೊತ್ತಾಗುವುದಿಲ್ಲ. ಪ್ಲಗ್ ಕಿತ್ತ ರಾತ್ರಿ ಮಾತ್ರ ಭಾರವೆಲ್ಲ ಆ ಸೆಲ್ ಮೇಲೆ. ಹತ್ತು ಹನ್ನೆರಡು ವರ್ಷದ ಸೆಲ್ ಅದು, ಸತ್ತಿರುತ್ತದೆ. ತಾರೀಕು ಹೋಯಿತು, ಸೆಟ್ಟಿಂಗ್ ಹೋಯಿತು, ಬೆಳಿಗ್ಗೆ ಮಾನಿಟರ್ ಕಪ್ಪು. ಸಿಡಿಲಿನ ಪಾತ್ರ ಇಷ್ಟೇ, ಅದು ನಿಮ್ಮಿಂದ ಪ್ಲಗ್ ಕೀಳಿಸಿತು.

ಇಷ್ಟು ಧೈರ್ಯದಲ್ಲಿ ಹೇಳುವುದಕ್ಕೆ ಕಾರಣ, ನಾನೂ ಇದೇ ಹೊಂಡಕ್ಕೆ ಬಿದ್ದವನು. ಉಡುಪಿಯ ಕಲ್ಸಂಕದ ಹತ್ತಿರ ನನ್ನದು ಡಿಟಿಪಿ ಅಂಗಡಿ. ಮದುವೆ ಕಾಗದ, ಭೂತಕೋಲದ ಆಮಂತ್ರಣ, ಯಕ್ಷಗಾನದಾಟದ ಕರಪತ್ರ, ಇವೇ ಹೊಟ್ಟೆಪಾಡು. ಒಂದು ಸ್ಕ್ರೀನಿನಲ್ಲಿ ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಕೈಬರಹದ ಫೋಟೋ, ಇನ್ನೊಂದರಲ್ಲಿ ಪೇಜ್‌ಮೇಕರ್. ಎರಡು ಮಾನಿಟರ್ ಅಭ್ಯಾಸವಾದವನಿಗೆ ಒಂದರಲ್ಲಿ ಕೆಲಸ ಮಾಡುವುದೆಂದರೆ ಒಂದು ಕೈ ಕಟ್ಟಿಹಾಕಿದ ಹಾಗೆ. 2018ರ ಜನವರಿ, ಕೃಷ್ಣ ಮಠದ ಪರ್ಯಾಯ ಉತ್ಸವಕ್ಕೆ ನಾಲ್ಕು ದಿನ ಇತ್ತು. ಬೀದಿಗೆಲ್ಲ ಲೈಟ್ ಹಾಕುತ್ತಿದ್ದರು, ನಮ್ಮ ಕಟ್ಟಡದಲ್ಲೂ ವಯರಿಂಗ್ ಕೆಲಸವೆಂದು ಮೈನ್ ಸ್ವಿಚ್ ತೆಗೆದರು. ಮರುದಿನ ಎರಡನೇ ಸ್ಕ್ರೀನ್ ಇಲ್ಲ. ಎದುರು ಗಿರಾಕಿಗಳು ನಿಂತಿದ್ದಾರೆ, ಯೋಚನೆ ಮಾಡಲು ಸಮಯ ಎಲ್ಲಿ? ಕಾರ್ಡ್ ಹೋಗಿದೆ ಎಂದು ನಾನೇ ತೀರ್ಮಾನಿಸಿ ಜಿಟಿ 710 ತಂದು ಹಾಕಿಸಿದೆ. ಹಾಕಿದವರು ಬಯೋಸ್ ಸೆಟ್ಟಿಂಗನ್ನೂ ಸರಿ ಮಾಡಿಕೊಟ್ಟಿದ್ದರು, ಅದು ನನಗೆ ಗೊತ್ತಿಲ್ಲ. ಹೊಸ ಕಾರ್ಡಿನ ಮಹಿಮೆ ಎಂದುಕೊಂಡೆ. ಏಪ್ರಿಲ್‌ನಲ್ಲಿ ಮೊದಲ ಗುಡುಗಿಗೆ ಪ್ಲಗ್ ಕಿತ್ತೆ ನೋಡಿ, ಮರುದಿನ ಮತ್ತೆ ಕಪ್ಪು. ಆಗ ಬುದ್ಧಿ ಬಂತು. ತೆಗೆದಿಟ್ಟ ಹಳೆ ಕಾರ್ಡ್ ಈಗಲೂ ಚೆನ್ನಾಗಿಯೇ ಇದೆ.

ಈಗ ಮಾಡಬೇಕಾದ್ದು. ಶಟ್‌ಡೌನ್ ಮಾಡಿ, ಪ್ಲಗ್ ಕೀಳಿ, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಹೋಗಲಿ. ಕ್ಯಾಬಿನೆಟ್ಟಿನ ಕಬ್ಬಿಣ ಒಮ್ಮೆ ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿ. ಸೆಲ್ ಕೂತ ಜಾಗದ ಬದಿಯಲ್ಲಿ ಸಣ್ಣದೊಂದು ಲೋಹದ ನಾಲಗೆ ಉಂಟು, ಅದನ್ನು ಉಗುರಿನಲ್ಲಿ ಹೊರಗೆ ತಳ್ಳಿದರೆ ಸೆಲ್ ಚಿಮ್ಮುತ್ತದೆ. ಹೊಸದರಲ್ಲಿ ಬರಹ ಮತ್ತು ಪ್ಲಸ್ ಗುರುತು ಇರುವ ಬದಿ ಮೇಲಕ್ಕೆ. ಮಲ್ಪೆಯ ಉಪ್ಪುಗಾಳಿಗೆ ಆ ನಾಲಗೆಯ ಮೇಲೆ ಹಸಿರು ಕಿಲುಬು ಹಿಡಿದಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ. ಮೀಟರ್ ಇದ್ದರೆ ಹಳೆಯದನ್ನು ಅಳೆದು ನೋಡಿ. ಒಳ್ಳೆಯ ಸೆಲ್ 3 ವೋಲ್ಟ್ ಅಥವಾ ಸ್ವಲ್ಪ ಮೇಲೆ ತೋರಿಸುತ್ತದೆ. ನನ್ನದು 1.9 ತೋರಿಸಿತ್ತು.

ಅಂಗಡಿಯಲ್ಲಿ ಕೇಳುವಾಗ ಮಾತ್ರ ಜಾಗ್ರತೆ. 2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅದೇ ಅಗಲದ, ಅದೇ 3 ವೋಲ್ಟಿನ 2025 ಸಿಗುತ್ತದೆ, ಅದು 2.5 ಮಿಲಿಮೀಟರ್. ವಾಚ್ ರಿಪೇರಿಯವರೊಬ್ಬರು 'ಎರಡೂ ಒಂದೇ' ಎಂದು ನನಗೆ ಅದನ್ನು ಕೊಟ್ಟರು. ಕೂತಿತು, ಎರಡು ವಾರ ನಡೆಯಿತು, ಮೇಜು ಸ್ವಲ್ಪ ಎಳೆದಾಗ ಸಡಿಲವಾಗಿ ಮತ್ತೆ ಹಳೇ ರಾಗ. ಹಳೆ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ, ಮಕ್ಕಳು ನುಂಗಿದರೆ ಜೀವಕ್ಕೇ ಅಪಾಯ.

ಸೆಲ್ ಹಾಕಿ ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತುತ್ತಾ ಇರಿ, ಕೆಲವು ಬೋರ್ಡಿಗೆ ಎಫ್2. ಬಯೋಸ್ ಬರುವುದು ಒಂದೇ ಮಾನಿಟರಿನಲ್ಲಿ, ಹೆಚ್ಚಾಗಿ ಕಾರ್ಡಿನ ಬದಿಯದ್ದರಲ್ಲಿ, ಗಾಬರಿ ಬೇಡ. ಮೊದಲು ತಾರೀಕು, ಗಂಟೆ ಸರಿ ಮಾಡಿ. ಆಮೇಲೆ ಅಡ್ವಾನ್ಸ್ಡ್ ಅಥವಾ ಚಿಪ್‌ಸೆಟ್ ಎಂಬ ಕಡೆ ಹುಡುಕಬೇಕು. ಹೆಸರು ಕಂಪನಿಗೊಂದು: ಕೆಲವರದು 'ಐಜಿಡಿ ಮಲ್ಟಿ ಮಾನಿಟರ್', ಕೆಲವರದು 'ಐಜಿಪಿಯು ಮಲ್ಟಿ ಮಾನಿಟರ್', ಕೆಲವರದು ಬರೀ 'ಇಂಟರ್ನಲ್ ಗ್ರಾಫಿಕ್ಸ್'. ಅದನ್ನು ಎನೇಬಲ್ ಮಾಡಿ. 'ಆಟೋ' ಎಂದು ಬಿಟ್ಟರೆ ಕಾರ್ಡ್ ಕಂಡ ಕೂಡಲೇ ಮತ್ತೆ ಮಲಗುತ್ತದೆ. ಎಫ್10 ಒತ್ತಿ ಸೇವ್ ಮಾಡಿ. ವಿಂಡೋಸ್ ಒಳಗೆ ಬಂದ ಮೇಲೆ ವಿಂಡೋಸ್ ಕೀ ಜೊತೆ ಪಿ ಒತ್ತಿ 'ಎಕ್ಸ್‌ಟೆಂಡ್' ಆರಿಸಿ.

ಆಮೇಲೆ ಪರೀಕ್ಷೆ. ಶಟ್‌ಡೌನ್ ಮಾಡಿ, ಪ್ಲಗ್ ಪೂರ್ತಿ ಕಿತ್ತು ಇಡೀ ರಾತ್ರಿ ಬಿಡಿ. ಐದು ನಿಮಿಷದ ಪರೀಕ್ಷೆ ಸಾಲದು, ಅರೆಜೀವದ ಸೆಲ್ ಕೂಡ ಅಷ್ಟು ಹೊತ್ತು ಹಿಡಿದಿಟ್ಟುಕೊಳ್ಳಬಹುದು.

ಬಯೋಸ್ ತಂಟೆಯೇ ಬೇಡ ಎಂದಾದರೆ ಇನ್ನೊಂದು ದಾರಿ ಉಂಟು. ನಿಮ್ಮ ಜಿಟಿ 610ರ ಹಿಂದೆ ವಿಜಿಎ, ಡಿವಿಐ, ಎಚ್‌ಡಿಎಂಐ ಎಂಬ ಮೂರು ಬಗೆಯ ತೂತೂ ಇರುವುದು ಫೋಟೋದಲ್ಲಿ ಕಾಣುತ್ತದೆ. ಆ ಕಾರ್ಡಿಗೆ ಒಮ್ಮೆಗೆ ಎರಡು ಮಾನಿಟರ್ ನಡೆಸುವ ತಾಕತ್ತು ಉಂಟು. ಮೂರು ತೂತು ಇದೆ ಎಂದು ಮೂರು ಮಾನಿಟರ್ ಹಾಕಿದರೆ ಮಾತ್ರ ಮೂರನೆಯದು ಬರುವುದಿಲ್ಲ. ಎಚ್‌ಡಿಎಂಐಯಿಂದ ವಿಜಿಎ ಮಾಡುವ ಕನ್ವರ್ಟರ್ ತಂದರೆ ಎರಡನ್ನೂ ಕಾರ್ಡಿಗೇ ಕೊಡಬಹುದು, ಮದರ್‌ಬೋರ್ಡಿನ ವಿಜಿಎ ಖಾಲಿ ಬಿಡಬಹುದು. ಒಳಗೆ ಚಿಪ್ ಇರುವ ಕನ್ವರ್ಟರೇ ಬೇಕು, ಎರಡು ಬದಿಗೆ ಎರಡು ಪಿನ್ ಇರುವ ಬರೀ ವಯರ್ ಆಗುವುದಿಲ್ಲ. ಎಚ್‌ಡಿಎಂಐನದು ಡಿಜಿಟಲ್, ವಿಜಿಎಯದು ಅನಲಾಗ್, ನಡುವೆ ಯಾರಾದರೂ ಭಾಷಾಂತರ ಮಾಡಬೇಕಲ್ಲ. ಆದರೂ ಸೆಲ್ ಬದಲಾಯಿಸಲೇಬೇಕು, ಇಲ್ಲದಿದ್ದರೆ ಬ್ಯಾಂಕಿನ ಸೈಟ್ ಮತ್ತೆ ಮುನಿಸಿಕೊಳ್ಳುತ್ತದೆ.

ಡಿವಿಐ ಬಳಸುವುದಾದರೆ ಒಮ್ಮೆ ಟಾರ್ಚ್ ಹಾಕಿ ನೋಡಿ. ಒಂದು ಬದಿಯಲ್ಲಿ ಚಪ್ಪಟೆ ಸೀಳು ಕಾಣುತ್ತದೆ. ಅದರ ಮೇಲೆರಡು, ಕೆಳಗೆರಡು ಸಣ್ಣ ತೂತು ಇದ್ದರೆ ಅದು ಡಿವಿಐ-ಐ, ಅದರಲ್ಲಿ ಅನಲಾಗ್ ಸಿಗ್ನಲ್ ಕೂಡ ಬರುತ್ತದೆ, ಡಿವಿಐಯನ್ನು ವಿಜಿಎ ಮಾಡುವ, ಚಿಪ್ ಇಲ್ಲದ ಅಗ್ಗದ ಪಿನ್ ಸಾಕು. ಬರೀ ಸೀಳು ಇದ್ದರೆ ಡಿವಿಐ-ಡಿ, ಆ ಪಿನ್ ಒಳಗೇ ಹೋಗುವುದಿಲ್ಲ. ನಾನು ಒಮ್ಮೆ ಜಾಣತನ ಮಾಡಿ, ಹೋಗದ ಪಿನ್ನಿನ ನಾಲ್ಕು ಕಡ್ಡಿಗಳನ್ನು ಇಕ್ಕುಳದಲ್ಲಿ ಮುರಿದು ಒಳಗೆ ತುರುಕಿದ್ದೆ. ಚೆಂದ ಕೂತಿತು. ಚಿತ್ರ ಮಾತ್ರ ಬರಲಿಲ್ಲ, ಕೆಂಪು ಹಸಿರು ನೀಲಿ ಬಣ್ಣ ಬರಬೇಕಾದದ್ದೇ ಆ ಕಡ್ಡಿಗಳಲ್ಲಿ.

ಜಿಫೋರ್ಸ್ 210 ವಿಷಯ: ಬೇಡವೇ ಬೇಡ. ಎಚ್61 ಬೋರ್ಡುಗಳಲ್ಲಿ ಸಾಮಾನ್ಯವಾಗಿ ದೊಡ್ಡ ಸ್ಲಾಟ್ ಇರುವುದೇ ಒಂದು. ಎರಡು ಇದ್ದರೂ ಜಗಳ ಡ್ರೈವರಿನದ್ದು, ಅಂದರೆ ಕಾರ್ಡನ್ನು ವಿಂಡೋಸಿಗೆ ಪರಿಚಯಿಸುವ ಸಾಫ್ಟ್‌ವೇರಿನದ್ದು. 210ಕ್ಕೆ ಎನ್‌ವಿಡಿಯಾದವರ ಡ್ರೈವರ್ 340ರ ಸಾಲಿಗೇ ನಿಂತಿತು, 610ಕ್ಕೆ 390ರ ಸಾಲಿನವರೆಗೆ ಬಂತು, 2018ರ 391.35 ಅದರಲ್ಲಿ ಒಂದು. ಆ 390ರ ಸಾಲು 210ನ್ನು ಗುರುತಿಸುವುದಿಲ್ಲ. ಅದನ್ನು ಗುಜರಿಗೆ ಕೊಡಿ, ಅಥವಾ ನನ್ನ ಹಾಗೆ ಕಪಾಟಿನಲ್ಲಿ ಇಟ್ಟುಕೊಳ್ಳಿ.

ಸೆಲ್ ಹಾಕಿ ಸೆಟ್ಟಿಂಗ್ ಮಾಡಿದ ಮೇಲೂ ಎರಡನೆಯದು ಬರದಿದ್ದರೆ, ಮೊದಲು ಎರಡೂ ಮಾನಿಟರಿನ ವಯರ್ ಕಂಪ್ಯೂಟರಿನ ಹಿಂದೆ ಅದಲು ಬದಲು ಮಾಡಿ. ಕಪ್ಪು ಈಗ ಇನ್ನೊಂದು ಮಾನಿಟರಿಗೆ ಹೋದರೆ ತಪ್ಪು ಕಂಪ್ಯೂಟರಿನ ಬದಿ, ಅದೇ ಮಾನಿಟರಿನಲ್ಲಿ ಉಳಿದರೆ ಮಾನಿಟರ್ ಅಥವಾ ಅದರ ವಯರ್. ಆಮೇಲೆ ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ ಸಾಲು ನೋಡಿ. ಇಂಟೆಲ್ ಒಂದು, ಎನ್‌ವಿಡಿಯಾ ಒಂದು, ಎರಡು ಹೆಸರು ಕಾಣಬೇಕು. ಇಂಟೆಲ್ ಹೆಸರೇ ಇಲ್ಲದಿದ್ದರೆ ಬಯೋಸ್ ಸೆಟ್ಟಿಂಗ್ ಉಳಿದಿಲ್ಲ. 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಡ್ರೈವರ್ ಕೂತಿಲ್ಲ ಎಂದರ್ಥ, ಹಾಗಿದ್ದಾಗ ಎರಡು ಸ್ಕ್ರೀನಿನ ಆಟ ನಡೆಯುವುದಿಲ್ಲ.

ರಿಪೇರಿಯವರ ಮೇಲೆ ಸಿಟ್ಟು ಮಾಡಬೇಡಿ. ಅವರು ಬಂದು ನೋಡುವ ಹೊತ್ತಿಗೆ ಬಯೋಸ್ ಸೆಟ್ಟಿಂಗ್ ಹೋಗಿರುವುದು ಮಾತ್ರ ಕಾಣುತ್ತದೆ, ಹಿಂದಿನ ರಾತ್ರಿ ನೀವು ಪ್ಲಗ್ ಕಿತ್ತದ್ದು ಅವರಿಗೆ ಗೊತ್ತಿರಲಿಕ್ಕಿಲ್ಲ. ಪ್ಲಗ್ ಕೀಳುವ ಅಭ್ಯಾಸ ಬಿಡಬೇಡಿ, ನಮ್ಮ ಕರಾವಳಿಯ ಸಿಡಿಲಿಗೆ ಅದು ಬೇಕೇ ಬೇಕು. ಕೀಳುವಾಗ ಇಂಟರ್ನೆಟ್ಟಿನ ಲ್ಯಾನ್ ವಯರನ್ನೂ ಕೀಳಿ, ಎಷ್ಟೋ ಸಲ ಸಿಡಿಲು ಒಳಗೆ ಬರುವುದು ಆ ದಾರಿಯಲ್ಲಿ.

ಬಯೋಸ್‌ನಲ್ಲಿ ಆ ಹೆಸರು ಸಿಗದಿದ್ದರೆ ಪರದೆಯ ಫೋಟೋ ತೆಗೆದು ಇಲ್ಲೇ ಕೆಳಗೆ ಹಾಕಿ, ಯಾವ ಸಾಲು ಎಂದು ಹೇಳುತ್ತೇನೆ. ಹಗಲು ಗಿರಾಕಿಗಳಿರುತ್ತಾರೆ, ರಾತ್ರಿ ಒಂಬತ್ತರ ಮೇಲೆ ನೋಡುತ್ತೇನೆ.