ದೇವರು ನನ್ನನ್ನ ಇನ್ನೂ ಹುಡುಕ್ತಾನಾ?

ಪ್ರಶ್ನೆ: ಅಪ್ಪ ತೀರ್ಕೊಂಡ ಮೇಲೆ 6 ವರ್ಷದಿಂದ ಚರ್ಚಿಗೆ ಹೋಗಿಲ್ಲ, ಪ್ರಾರ್ಥನೆನೂ ಬಿಟ್ಟೆ, ಯೇಸುನ ನಂಬಲ್ಲ ಅಂತ ಫ್ರೆಂಡ್ಸ್ ಮುಂದೆ ಹೇಳ್ಬಿಟ್ಟಿದೀನಿ. ಈಗ ವಾಪಸ್ ಹೋದ್ರೆ ಸೇರಿಸ್ಕೋತಾನಾ?
– ಓದುಗರು, ಹಾಸನ

ಉತ್ತರ: ನೀವು ವಾಪಸ್ ಹೋಗೋ ಮಾತಾಡ್ತಿದೀರ, ಆತ ಆಗ್ಲೇ ನಿಮ್ಮನ್ನ ಹುಡುಕ್ಕೊಂಡು ಹೊರಟಾಗಿದೆ ಕಣಮ್ಮ. ಯೇಸುವಿನ ಶಿಷ್ಯ ಪೇತ್ರನ್ನ ನೆನಪಿಸ್ಕೊಳ್ಳಿ. ಯೇಸುನ ಹಿಡ್ಕೊಂಡು ಹೋದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಕೆಂಡದ ಬೆಂಕಿ ಕಾಯಿಸ್ಕೊಳ್ತಾ ನಿಂತು 3 ಸಲ ‘ನಾನು ಅವನ ಶಿಷ್ಯ ಅಲ್ಲ’ ಅಂದ. ಯೇಸು ಸತ್ತು ಮತ್ತೆ ಎದ್ದು ಬಂದ ಮೇಲೆ ಒಂದಿನ ಪೇತ್ರ ಮೀನು ಹಿಡಿಯೋಕೆ ಹೋದ, ರಾತ್ರಿಯೆಲ್ಲಾ ಬಲೆ ಬೀಸಿದ್ರೂ ಒಂದು ಮೀನೂ ಸಿಗ್ಲಿಲ್ಲ, ಬೆಳಗಾದ್ರೆ ತಿಬೇರಿಯ ಸರೋವರದ ದಡದಲ್ಲಿ ಯೇಸು ಕಾಯ್ತಾ ಇದಾನೆ, ಅಲ್ಲೂ ಕೆಂಡದ ಬೆಂಕಿನೇ, ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಬೈಬಲ್‌ನಲ್ಲಿ ಯೋಹಾನನ ಸುವಾರ್ತೆಯ 18 ಮತ್ತು 21ನೇ ಅಧ್ಯಾಯ ಒಟ್ಟಿಗೆ ಓದಿ, ನಂಗಂತೂ ಪ್ರತಿ ಸಲ ಕಣ್ಣು ತುಂಬುತ್ತೆ. ಬೈಗುಳ ಇಲ್ಲ, ಲೆಕ್ಕ ಕೇಳೋದಿಲ್ಲ, ಮೊದ್ಲು ಊಟಕ್ಕೆ ಕರೀತಾನೆ. ಊಟ ಆದ್ಮೇಲೆ 3 ಸಲ ಕೇಳೋದು ಒಂದೇ, ನನ್ನನ್ನ ಪ್ರೀತಿಸ್ತೀಯಾ ಅಂತ.

ಅಪ್ಪನ ವಿಷ್ಯದಲ್ಲಿ ಸಿಟ್ಟಿದ್ರೆ ಅದನ್ನೂ ಹೇಳ್ಬಿಡಿ. ಬೈಬಲ್‌ನ 13ನೇ ಕೀರ್ತನೆ ಶುರುವಾಗೋದೇ ‘ಇನ್ನೆಷ್ಟು ಕಾಲ ನನ್ನನ್ನ ಮರೀತೀಯ’ ಅನ್ನೋ ಗೋಳಿನಿಂದ. ಚರ್ಚು ಆಮೇಲೆ ನೋಡೋಣ, ಇವತ್ತು ರಾತ್ರಿ ಮಲಗೋ ಮುಂಚೆ ಆ ಒಂದು ಸಾಲಾದ್ರೂ ಬಾಯಿಬಿಟ್ಟು ಹೇಳಿ.