ದಿನಕ್ಕೊಮ್ಮೆ ಬದಲಾಗುವ ಪುಟಕ್ಕೆ 24 ಗಂಟೆಯ ಕ್ಯಾಶ್ ಇಟ್ಟರೆ ನಿನ್ನೆಯ ದರ ಏಕೆ ಕಾಣುತ್ತದೆ?

ಕೊಡಗಿನ ಕಾಫಿ, ಕರಿಮೆಣಸಿನ ದರ ಮತ್ತು ಹೋಬಳಿವಾರು ಮಳೆ ವಿವರದ ಪುಟಕ್ಕೆ ಮ್ಯಾಕ್ಸ್-ಏಜ್ 86400 ಕೊಟ್ಟಿದ್ದೀರಿ, ಅಂದರೆ ಒಮ್ಮೆ ಪಡೆದು ಇಟ್ಟುಕೊಂಡ ಪ್ರತಿಯನ್ನು (ಕ್ಯಾಶ್) ಬ್ರೌಸರ್ 24 ಗಂಟೆ ಮತ್ತೆ ಕೇಳದೆ ತೋರಿಸಬಹುದು. ಹೊಸ ಅಂಕಿ ಹಾಕಿದ ಮೇಲೂ ಕೆಲವರಿಗೆ ನಿನ್ನೆಯದೇ ಕಾಣುತ್ತಿದೆ, ಕ್ಯಾಶ್ ತೆಗೆದುಬಿಡಲೇ ಎಂದು ಕೇಳಿದ್ದೀರಿ. ತೆಗೆಯಬೇಡಿ, ಅದು ಇರುವ ಜಾಗ ಬದಲಿಸಿ.

ಆ 86400 ಸೆಕೆಂಡಿನ ಎಣಿಕೆ ಶುರುವಾಗುವುದು ಪುಟ ಸರ್ವರ್‌ನಿಂದ ಹೊರಟಾಗ, ದರ ಬದಲಾದಾಗ ಅಲ್ಲ. ಮಳೆ ಲೆಕ್ಕದ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ನಾಪೋಕ್ಲುವಿನಲ್ಲಿ ಒಬ್ಬರು 8.25ಕ್ಕೆ ಪುಟ ತೆರೆದರೆ ಅವರ ಮೊಬೈಲಿನಲ್ಲಿ ಮರುದಿನ 8.25ರವರೆಗೂ ಹಳೆಯದೇ. ಬ್ರೌಸರ್‌ನಲ್ಲಿ ಕೂತ ಪ್ರತಿಯನ್ನು ನೀವು ಇಲ್ಲಿಂದ ಅಳಿಸಲಾರಿರಿ.

ಹಾಗಾಗಿ ಬ್ರೌಸರ್‌ಗೆ ನೋ-ಕ್ಯಾಶ್ ಸೂಚನೆ ಮತ್ತು ಈಟ್ಯಾಗ್ (ಪುಟದ ಆವೃತ್ತಿಯ ಗುರುತು) ಕಳಿಸಿ. ಆಗ ಅದು ಪ್ರತಿಯನ್ನು ಇಟ್ಟುಕೊಳ್ಳುತ್ತದೆ, ಆದರೆ ತೋರಿಸುವ ಮುಂಚೆ ಪ್ರತಿ ಸಲವೂ ಸರ್ವರನ್ನು ಕೇಳುತ್ತದೆ. (ನೋ-ಸ್ಟೋರ್ ಹಾಕಿದರೆ ಇಟ್ಟುಕೊಳ್ಳುವುದೇ ಇಲ್ಲ, ಅದು ಬೇಡ.) ಏನೂ ಬದಲಾಗದಿದ್ದರೆ 304 (‘ಬದಲಾಗಿಲ್ಲ’ ಎಂಬ ಉತ್ತರ) ಹೋಗುತ್ತದೆ, ಪುಟವಿಲ್ಲದೆ ಹೆಡರ್ ಮಾತ್ರ. ಮಳೆಗಾಲದ ನೆಟ್‌ವರ್ಕ್‌ಗೆ ಇದೇ ದೊಡ್ಡ ಉಪಕಾರ. ಈಟ್ಯಾಗನ್ನು ಇಡೀ ಎಚ್‌ಟಿಎಮ್‌ಎಲ್‌ನಿಂದ ಲೆಕ್ಕ ಹಾಕಬೇಡಿ. ಪುಟದ ಅಡಿಯಲ್ಲಿ ಈಗಿನ ಸಮಯ ಅಚ್ಚಾಗುತ್ತಿದ್ದರೆ ಅದು ಪ್ರತಿ ಸಲ ಬೇರೆಯಾಗಿ 304 ಬರುವುದೇ ಇಲ್ಲ. ದತ್ತಾಂಶದ ಆವೃತ್ತಿ ಸಂಖ್ಯೆ, ಟೆಂಪ್ಲೇಟಿನ ಆವೃತ್ತಿ, ಇವೆರಡೇ ಸಾಕು.

ನಿಜವಾದ ಕ್ಯಾಶ್ ಸರ್ವರ್ ಬದಿಗಿರಲಿ. ತಯಾರಾದ ಪುಟವನ್ನು, ಮೆಮೊರಿಯಲ್ಲೇ ದತ್ತಾಂಶ ಇಡುವ ರೆಡಿಸ್‌ನಲ್ಲಿಡಿ, ಕೀ (ಅದನ್ನು ಹುಡುಕುವ ಹೆಸರು) ಒಳಗೆ ಅದೇ ಆವೃತ್ತಿ ಸಂಖ್ಯೆ ಸೇರಿಸಿ. ದರ ಸೇವ್ ಆದಾಗ ಸಂಖ್ಯೆ ಒಂದು ಏರಬೇಕು, ಅದೂ ಡೇಟಾಬೇಸ್ ಕಮಿಟ್ ಆದ (ಬದಲಾವಣೆ ಖಾಯಂ ಆದ) ನಂತರವೇ. ಮೊದಲೇ ಏರಿಸಿದರೆ ನಡುವೆ ಬಂದ ಒಂದು ರಿಕ್ವೆಸ್ಟ್ ಹಳೇ ದರವನ್ನು ಹೊಸ ಕೀಗೆ ತುಂಬಿಸಿಬಿಡುತ್ತದೆ, ಇದನ್ನು ಹುಡುಕಿ ಹಿಡಿಯುವುದು ಬಲು ಕಷ್ಟ. ಹೀಗೆ ಮಾಡಿದರೆ ಭಾನುವಾರ ದರ ಬರದಿದ್ದರೂ, ಸಂಜೆ ರೋಬಸ್ಟಾ ಚೆರಿಯ 50 ಕೆ.ಜಿ. ಚೀಲದ ಬೆಲೆ ತಿದ್ದಿದರೂ ಬೇರೇನೂ ಮಾಡಬೇಕಿಲ್ಲ. ಟಿಟಿಎಲ್ (ಕೀಯ ಆಯಸ್ಸು) 48 ಗಂಟೆ ಕೊಡಿ. ಅದು ಹಳೇ ಕೀಗಳನ್ನು ಗುಡಿಸಲಿಕ್ಕೆ ಮಾತ್ರ.

ಸಂಖ್ಯೆ ಏರಿದ ಕೂಡಲೇ ಎಲ್ಲ ರಿಕ್ವೆಸ್ಟುಗಳೂ ಒಟ್ಟಿಗೆ ಡೇಟಾಬೇಸಿಗೆ ಮುಗಿಬೀಳುತ್ತವೆ. ಒಂದಕ್ಕೆ ಮಾತ್ರ 10 ಸೆಕೆಂಡಿನ ಲಾಕ್ ಕೊಟ್ಟು ಪುಟ ಕಟ್ಟಿಸಿ, ಉಳಿದವುಗಳಿಗೆ ಅಷ್ಟು ಹೊತ್ತು ಹಿಂದಿನ ಆವೃತ್ತಿ ಕೊಡಿ.

ಕೀಯಲ್ಲಿ ದಿನಾಂಕವೂ ಇದ್ದರೆ ಟೈಮ್‌ಝೋನ್ ಏಷ್ಯಾ/ಕೋಲ್ಕತ್ತಾ ಇದೆಯೇ ನೋಡಿ. ಯುಟಿಸಿ (ಜಾಗತಿಕ ಮಾನಕ ಸಮಯ) ಇದ್ದರೆ ನಿಮ್ಮ ‘ಇಂದು’ ಬದಲಾಗುವುದು ಬೆಳಿಗ್ಗೆ 5.30ಕ್ಕೆ. ಹಳೇ ದಿನಾಂಕದ ಪುಟಗಳಿಗೆ ಬ್ರೌಸರ್‌ನಲ್ಲೂ ಒಂದು ದಿನ ಕೊಡಬಹುದು, ವರ್ಷ ಬೇಡ. ಮಳೆ ಅಂಕಿಗೆ ತಿದ್ದುಪಡಿ ತಡವಾಗಿ ಬರುವುದುಂಟು.